ಆಡಿಯೊಮಾತ್: ಪಿಕಳಾರಕ್ಕೆ ಸಲೀಸು, ಬಾವಲಿಗೆ ಪಡಿಪಾಟಲು

ಕೋಲಾರ, ನಂದಿ ಕಡೆಯ ಬಂಡೆಗುಡ್ಡಗಳಲ್ಲಿ ಹಕ್ಕಿ, ಬಾವಲಿಗಳ ಸದ್ದು ದಾಖಲಿಸುವವರು ಆಡಿಯೊಮಾತ್ ಎಂಬ ರೆಕಾರ್ಡರ್ ಕೊಳ್ಳಬಹುದೇ? ಕೊಳ್ಳಿ, ಆದರೆ ಎರಡು ಕೊಳ್ಳಿ. ಅಂಗೈಯಲ್ಲಿ ಅಡಗುವ ಈ ಯಂತ್ರಕ್ಕೆ ಮೂರು ಎಎ ಬ್ಯಾಟರಿ, ಒಂದು ಮೈಕ್ರೊಎಸ್‌ಡಿ ಕಾರ್ಡು ಸಾಕು. ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ಎಷ್ಟು ಸಾರಿ ಸದ್ದನ್ನು ಅಳೆಯುತ್ತದೆ ಎಂಬುದು) 8ರಿಂದ 384 ಕಿಲೊಹರ್ಟ್ಸ್‌ವರೆಗೆ ಇರುವುದರಿಂದ ಹಕ್ಕಿಗೂ ಬಾವಲಿಗೂ ಇದೊಂದೇ ಆದೀತು ಅನ್ನಿಸುತ್ತದೆ. ತೊಡಕು ಇರುವುದೇ ಅಲ್ಲಿ. ಬೆಳಿಗ್ಗೆ 48, ಸಂಜೆ 384 ಎಂದು ಯಂತ್ರದೊಳಗಿನ ಮೂಲ ತಂತ್ರಾಂಶದಲ್ಲಿ (ಫರ್ಮ್‌ವೇರ್) ಹೊಂದಿಸಲು ಬರುವುದಿಲ್ಲ. ಇಡೀ ವೇಳಾಪಟ್ಟಿಗೆ ಒಂದೇ ದರ.

ಹಳದಿ ಕೊರಳಿನ ಪಿಕಳಾರ ಹಕ್ಕಿಗೆ 48 ಧಾರಾಳ. ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ, 32 ಜಿಬಿ ಕಾರ್ಡು ವಾರಗಟ್ಟಲೆ ಬೆಳಗುಗಳಿಗೆ ಸಾಲುತ್ತದೆ. ಅದೇ ಕುರುಚಲಿನಲ್ಲಿ ಬೇರೆ ಪಿಕಳಾರಗಳೂ ಕೂಗುತ್ತವೆ, ಹಾಗಾಗಿ ಕೂಗು ಗುರುತಿಸುವ ಸಾಫ್ಟ್‌ವೇರ್ ಹೆಸರಿಸಿತೆಂದು ನಂಬದೆ ಕಿವಿಗೊಟ್ಟು ಕೇಳಿ.

ಕೋಲಾರದ ಎಲೆಮೂಗಿನ ಬಾವಲಿಯ ಮಾತೇ ಬೇರೆ. ಲೋಕದಲ್ಲೆಲ್ಲ ಹನುಮನಹಳ್ಳಿಯ ಒಂದೇ ಗುಹೆ ಅದರ ನೆಲೆ, ಸಂಖ್ಯೆ 200 ಕೂಡ ದಾಟದು. ಕೂಗು 100 ಕಿಲೊಹರ್ಟ್ಸ್‌ಗೂ ಮೇಲಿನದು. ಸದ್ದನ್ನು ಹಿಡಿಯಲು ಸ್ಯಾಂಪ್ಲಿಂಗ್ ದರ ಕೂಗಿನ ಕಂಪನಾಂಕದ ಎರಡರಷ್ಟಾದರೂ ಇರಬೇಕು. 250 ಇಟ್ಟರೆ 125ರ ಮೇಲಿನದೆಲ್ಲ ಕೈತಪ್ಪುತ್ತದೆ, ಅಕ್ಕಪಕ್ಕದ ಬೇರೆ ಎಲೆಮೂಗಿನ ಬಾವಲಿಗಳು ಕೂಗುವುದು ಆ ಎತ್ತರದಲ್ಲೇ. ಆದ್ದರಿಂದ 384. ಆಗ ಗಂಟೆಗೆ ಸುಮಾರು 2.8 ಜಿಬಿ, ಅದೇ ಕಾರ್ಡು ಹನ್ನೊಂದು ತಾಸಿನಲ್ಲಿ ಮುಗಿಯಿತು. ನಿಧಾನದ ಅಗ್ಗದ ಕಾರ್ಡು ಹಾಕಿದರೆ ನಡುನಡುವೆ ಸದ್ದೇ ತುಂಡಾಗಿರುತ್ತದೆ. ಇಷ್ಟು ಎತ್ತರದ ಸದ್ದು ಗಾಳಿಯಲ್ಲಿ ಬೇಗ ಕರಗುತ್ತದೆ; ಮಳೆಗೆ ಹೆದರಿ ಜಿಪ್‌ಲಾಕ್ ಚೀಲಕ್ಕೆ ತುರುಕಿದರೆ ಉಳಿದದ್ದೂ ಹೋಯಿತು. ಆಡಿಯೊಮಾತ್‌ನದೇ ಪೆಟ್ಟಿಗೆ ಬಳಸುವುದು ಲೇಸು. ಜೀರುಂಡೆಗಳ ಗಲಾಟೆಗೆ, ತಗ್ಗಿನ ಕಂಪನಾಂಕದ ಸದ್ದನ್ನು ತಡೆಯುವ ಹೈಪಾಸ್ ಫಿಲ್ಟರ್ ಹಾಕಿ.

ಎರಡಕ್ಕೂ ಆಗುವ ಎಡವಟ್ಟು ಗಡಿಯಾರದ್ದು. ಬ್ಯಾಟರಿ ತೆಗೆದರೆ ಸಮಯ ಅಳಿಸಿಹೋಗುತ್ತದೆ, ಮತ್ತೆ ಫೋನಿನ ಚೈಮ್ ಆ್ಯಪ್‌ನಿಂದಲೋ ಕಂಪ್ಯೂಟರಿನಿಂದಲೋ ಹೊಂದಿಸಬೇಕು. ಯುಟಿಸಿಯಲ್ಲೇ (ಜಾಗತಿಕ ಸಮಯ) ಬಿಟ್ಟರೆ ನಮ್ಮ ಸಮಯಕ್ಕೂ ಅದಕ್ಕೂ ಐದೂವರೆ ಗಂಟೆಯ ವ್ಯತ್ಯಾಸ: ಸಂಜೆ 6ಕ್ಕೆಂದು ಇಟ್ಟದ್ದು ರಾತ್ರಿ 11:30ಕ್ಕೆ ಏಳುತ್ತದೆ, ಬಾವಲಿಗಳು ಹೊರಟು ಎಷ್ಟೋ ಹೊತ್ತಾಗಿರುತ್ತದೆ. ಪಕ್ಕದ ಸ್ವಿಚ್ಚು ‘ಕಸ್ಟಮ್’ಗೆ ಬಂದಿದೆಯೇ ನೋಡಿ, ‘ಡೀಫಾಲ್ಟ್’ನಲ್ಲಿದ್ದರೆ ವೇಳಾಪಟ್ಟಿಗೆ ಬೆಲೆಯಿಲ್ಲ.

ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿದ್ದರೂ ಗುಹೆಯೊಳಗೆ ಇಡಬೇಡಿ. ಬಾಯಿಯ ಪಕ್ಕಕ್ಕೆ, ಹಾರುವ ದಾರಿ ಬಿಟ್ಟು, ಬೆಳಕಿರುವಾಗಲೇ ಕಟ್ಟಿ ಇಳಿದುಬಿಡಿ.