ಹೀಟರಿಗೆ ಸದ್ದಿಲ್ಲದ ರಿಲೇ: ಹಲವು ಚಳಿಗಾಲ ಬಳಸಿ ನೋಡಿದ ಮೇಲೆ

ನಮ್ಮ ಮಲಗುವ ಕೋಣೆಯ ಹೀಟರಿಗೆ ಮೊದಲು ಸಾಧಾರಣ ಪವರ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಹೀಟರಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ ಇತ್ತು. ಈಗ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಅದೇ ಕೆಲಸವನ್ನು ಎಲೆಕ್ಟ್ರಾನಿಕ್ಸಿನಿಂದ ಮಾಡುವ ಎಸ್‌ಎಸ್‌ಆರ್ ಇದೆ. ನೀರು ಕಾಯಿಸುವ ಟ್ಯಾಂಕಿಗೆ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಲೋಡಿನ ರಿಲೇ ಹಾಕಿದ್ದೇನೆ. ಮೂರನ್ನೂ ವರ್ಷಗಟ್ಟಲೆ ಬಳಸಿರುವುದರಿಂದ ಯಾವುದು ಎಲ್ಲಿಗೆ ಸರಿ ಅಂತ ಧೈರ್ಯವಾಗಿ ಹೇಳಬಲ್ಲೆ.

ರಿಲೇ ಕೊಳ್ಳುವಾಗ ಎಲ್ಲರೂ ಎಷ್ಟು ಆಂಪಿಯರ್ ಅಂತ ನೋಡುತ್ತಾರೆ. ಗಂಟೆಗೆ ಎಷ್ಟು ಸಲ ಆನ್-ಆಫ್ ಆಗುತ್ತದೆ ಅಂತ ನೋಡುವವರು ಕಡಿಮೆ. ಸದ್ದು, ಬಾಳಿಕೆ ಎರಡೂ ನಿಂತಿರುವುದು ಅದರ ಮೇಲೆಯೇ. ಅನೇಕ ಪವರ್ ರಿಲೇಗಳ ಡೇಟಾಶೀಟಿನಲ್ಲಿ ಎರಡು ಆಯುಷ್ಯ ಬರೆದಿರುತ್ತದೆ. ಲೋಡ್ ಇಲ್ಲದೆ 1 ಕೋಟಿ ಸಲ, ಪೂರ್ತಿ ಲೋಡ್ ಇದ್ದಾಗ ಸುಮಾರು 1 ಲಕ್ಷ ಸಲ. ನಮಗೆ ಬೇಕಾದದ್ದು ಎರಡನೆಯದು. ಶಾಖ ಅಳೆದು ಅದಕ್ಕೆ ತಕ್ಕಂತೆ ಹೀಟರನ್ನು ಪದೇ ಪದೇ ಆನ್-ಆಫ್ ಮಾಡುವ ಪಿಐಡಿ ಕಂಟ್ರೋಲರ್ 10 ಸೆಕೆಂಡಿಗೊಮ್ಮೆ ಆನ್ ಮಾಡಿದರೆ ಗಂಟೆಗೆ 360 ಸಲ ಆಯಿತು. ಆ 1 ಲಕ್ಷ 278 ಗಂಟೆಯಲ್ಲಿ ಮುಗಿದುಹೋಗುತ್ತದೆ, ಅಂದರೆ ಬಿಡದೆ ಓಡಿದರೆ 12 ದಿನವೂ ಇಲ್ಲ! ಅದೇ ರಿಲೇಯನ್ನು ಗಂಟೆಗೆ ನಾಲ್ಕು ಸಲ ಮಾತ್ರ ಆನ್ ಆಗುವ ಥರ್ಮೋಸ್ಟಾಟಿಗೆ ಕೊಡಿ, 25,000 ಗಂಟೆ ಬರುತ್ತದೆ. ರಿಲೇ ಒಂದೇ, ಬಳಸುವ ರೀತಿ ಬೇರೆ ಅಷ್ಟೇ.

ಹಾಗಾಗಿ ನಿಮ್ಮ ಥರ್ಮೋಸ್ಟಾಟ್ ನಿಧಾನದ್ದಾದರೆ ಸುಮ್ನೆ ಎಸ್‌ಎಸ್‌ಆರ್ ಹಿಂದೆ ಹೋಗಬೇಡಿ. ಒಳ್ಳೆಯ ಪವರ್ ರಿಲೇ ಸಾಕು. ಕಾಂಟ್ಯಾಕ್ಟ್, ಅಂದರೆ ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ತುದಿ, ಸಿಲ್ವರ್ ಟಿನ್ ಆಕ್ಸೈಡಿನದಾಗಿದ್ದರೆ ಒಳ್ಳೆಯದು, ಅದು ಬೇಗ ಬೆಸೆದುಕೊಳ್ಳುವುದಿಲ್ಲ. ಸಾಧಾರಣ ಹೀಟರಿನಲ್ಲಿರುವ ನೈಕ್ರೋಮ್ ಕಾಯಿಲಿನ ರೆಸಿಸ್ಟೆನ್ಸ್ ತಣ್ಣಗಿದ್ದಾಗಲೂ ಕಾದಾಗಲೂ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಆನ್ ಆಗುವಾಗ ಕರೆಂಟ್ ಎಗರುವುದಿಲ್ಲ. ಹ್ಯಾಲೋಜೆನ್ ಹೀಟರ್ ಹಾಗಲ್ಲ. ಅದರಲ್ಲಿರುವುದು ಟಂಗ್‌ಸ್ಟನ್ ತಂತಿ. ತಣ್ಣಗಿದ್ದಾಗ ಒಂದು ಕ್ಷಣ ಹತ್ತು ಪಟ್ಟಿನಷ್ಟು ಕರೆಂಟ್ ಎಳೆಯಬಹುದು. ಅದಕ್ಕೆ ಲೆಕ್ಕಕ್ಕಿಂತ ದೊಡ್ಡ ರಿಲೇಯನ್ನೇ ತೆಗೆದುಕೊಳ್ಳಿ.

ಇನ್ನು ಟಕ್ ಅನ್ನುವ ಸದ್ದು. ರಿಲೇಯೊಳಗಿನ ಪುಟ್ಟ ಕಬ್ಬಿಣದ ಪಟ್ಟಿ ಕಾಯಿಲಿನ ನಡುವಿನ ಕಬ್ಬಿಣದ ಕೋರಿಗೆ ಬಡಿದಾಗ ಅದು ಬರುತ್ತದೆ. ಬರೀ ರಿಲೇಯನ್ನು ಕೈಯಲ್ಲಿ ಹಿಡಿದರೆ ಆ ಸದ್ದು ಸಣ್ಣದೇ. ತೆಳು ತಗಡಿನ ಡಬ್ಬಿಗೆ ಸ್ಕ್ರೂ ಮಾಡಿ, ಡಬ್ಬಿಯನ್ನು ಮರದ ಹಲಗೆಗೆ ಹೊಡೆದರೆ ಡಬ್ಬಿ, ಹಲಗೆ ಎರಡೂ ತಮಟೆಯ ಹಾಗೆ ಅದನ್ನು ದೊಡ್ಡದು ಮಾಡುತ್ತವೆ. ನಾನು ಡಬ್ಬಿಯ ಕೆಳಗೆ ರಬ್ಬರ್ ಬುಶ್ ಕೊಟ್ಟು, ಗಟ್ಟಿ ತಂತಿಯ ಬದಲು ಬಳುಕುವ ತಂತಿ ಹಾಕಿದಾಗ ಸದ್ದು ಅರ್ಧಕ್ಕರ್ಧ ಇಳಿದಂತೆ ಕೇಳಿಸಿತು. ಡಬ್ಬಿಯನ್ನೇ ಕೋಣೆಯಿಂದಾಚೆ ಇಡಲು ಜಾಗವಿದ್ದರೆ ಇನ್ನೂ ಒಳ್ಳೆಯದು.

ಕಾಂಟ್ಯಾಕ್ಟರಿನ ತಕರಾರು ಬೇರೆ, ಅದು ಗುಂಯ್ ಅನ್ನುತ್ತದೆ. ಎಸಿ ಕಾಯಿಲಿನಲ್ಲಿ 50 ಹರ್ಟ್ಜ್ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಆಗ ಹಿಡಿತ ಸಡಿಲವಾಗದಂತೆ ಕೋರಿನ ಮುಖದಲ್ಲಿ ಒಂದು ತಾಮ್ರದ ಉಂಗುರ ಇರುತ್ತದೆ. ಆ ಮುಖಕ್ಕೆ ಧೂಳು ಅಥವಾ ತುಕ್ಕು ಹಿಡಿದರೆ ಎರಡು ಭಾಗ ಸರಿಯಾಗಿ ಕೂಡುವುದಿಲ್ಲ, ಗುಂಯ್‌ಗುಟ್ಟುವುದು ಜಾಸ್ತಿಯಾಗುತ್ತದೆ. ನಮ್ಮ ಟ್ಯಾಂಕಿನದು ಹಾಗಾದಾಗ ಮೇನ್ ತೆಗೆದು, ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಸುಮ್ಮನಾಯಿತು. ಹೊಸದು ಕೊಳ್ಳುವವರು ಡಿಸಿ ಕಾಯಿಲ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಈ ತೊಂದರೆಯೇ ಇರುವುದಿಲ್ಲ.

ಈಗ ನನ್ನ ಮೆಚ್ಚಿನ ಎಸ್‌ಎಸ್‌ಆರ್. ಒಳಗೆ ಅಲುಗಾಡುವ ಭಾಗವೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಝೀರೋ ಕ್ರಾಸಿಂಗ್ ಇರುವುದು ವೋಲ್ಟೇಜ್ ಸೊನ್ನೆಯ ಹತ್ತಿರ ಬಂದಾಗಲೇ ಆನ್ ಆಗುತ್ತದೆ, ರೇಡಿಯೋದಲ್ಲಿ ಚಟಪಟವೂ ಬರುವುದಿಲ್ಲ. ರಾತ್ರಿಯಿಡೀ ನಿಮಿಷಕ್ಕೊಮ್ಮೆ ಆನ್-ಆಫ್ ಆಗುತ್ತಿದ್ದರೂ ನಮ್ಮ ನಿದ್ದೆಗೆ ತೊಂದರೆಯಿಲ್ಲ. ಆ ಒಂದು ಸುಖಕ್ಕೆ ಅದರ ಮಿಕ್ಕೆಲ್ಲ ಗುಣವನ್ನೂ ನಾನು ಸಹಿಸಿಕೊಳ್ಳಲು ತಯಾರು. ಸಹಿಸಿಕೊಳ್ಳಬೇಕಾದ ಗುಣ ಇವೆ, ಕೇಳಿ.

ಮೊದಲನೆಯದು ಬಿಸಿ. ಆನ್ ಇದ್ದಾಗ ಅದರೊಳಗೆ 1 ವೋಲ್ಟ್ ಚಿಲ್ಲರೆ ಕಳೆದುಹೋಗುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟಿನ ಹೀಟರ್ ಎಳೆಯುವುದು 8.7 ಆಂಪಿಯರ್. ಅಂದರೆ ಹೆಚ್ಚುಕಮ್ಮಿ 10 ವ್ಯಾಟ್ ಎಸ್‌ಎಸ್‌ಆರಿನಲ್ಲೇ ಬಿಸಿಯಾಗಿ ಕೂರುತ್ತದೆ. ಮೇಲೆ 40 ಆಂಪಿಯರ್ ಅಂತ ಬರೆದಿದ್ದರೂ ಅದು ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ರೆಕ್ಕೆಗಳಿರುವ ಲೋಹದ ತುಂಡು ಇದ್ದರೆ ಮಾತ್ರ. ಇಲ್ಲದಿದ್ದರೆ ಕೆಲವೇ ಆಂಪಿಯರಿಗೆ ಸುಟ್ಟುಕೊಳ್ಳುತ್ತದೆ. ಎರಡರ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ. ರೆಕ್ಕೆಗಳು ಮೇಲೆ-ಕೆಳಗೆ ಇರುವಂತೆ ನಿಲ್ಲಿಸಿ, ಗಾಳಿ ತಾನಾಗಿಯೇ ಹರಿಯುತ್ತದೆ. ಮುಚ್ಚಿದ ಡಬ್ಬಿಯೊಳಗೆ ತುರುಕಿದರೆ ಹೀಟ್‌ಸಿಂಕ್ ಇದ್ದೂ ಇಲ್ಲದ ಹಾಗೆ.

ಎರಡನೆಯದು, ಆಫ್ ಇದ್ದಾಗಲೂ ಕೆಲವು ಮಿಲಿಆಂಪಿಯರ್ ಸೋರುತ್ತದೆ. ಹೀಟರ್ ಕಳಚಿದಾಗ ಇಂಡಿಕೇಟರಿನ ನಿಯಾನ್ ದೀಪ ಮಂಕಾಗಿ ಉರಿಯುತ್ತಲೇ ಇರುವುದನ್ನು ನಾನೇ ನೋಡಿದ್ದೇನೆ. ಎಸ್‌ಎಸ್‌ಆರ್ ಆಫ್ ಇದೆ ಅಂತ ತಂತಿ ಮುಟ್ಟಬೇಡಿ. ಎರಡೂ ತಂತಿ ಕಡಿಯುವ ಮೇನ್ ಸ್ವಿಚ್ ಬೇರೆಯಾಗಿ ಇರಲೇಬೇಕು.

ಮೂರನೆಯದು ನನಗೆ ನಿಜಕ್ಕೂ ಭಯ ಹುಟ್ಟಿಸುವುದು. ಎಸ್‌ಎಸ್‌ಆರ್ ಕೆಟ್ಟರೆ ಬಹುತೇಕ ಶಾರ್ಟ್ ಆಗಿಯೇ ಕೆಡುತ್ತದೆ. ಕಂಟ್ರೋಲರ್ ಆಫ್ ಅಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಸಾಧಾರಣ ರಿಲೇಯಲ್ಲೂ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಇದೇ ಗತಿ. ಅದಕ್ಕೇ ಮೊದಲ ದಿನದಿಂದ ನಾನು ಸಾಲಿನಲ್ಲಿ ಒಂದು ಥರ್ಮಲ್ ಕಟೌಟ್ ಹಾಕಿದ್ದೇನೆ. ಕಂಟ್ರೋಲರಿಗೂ ಅದಕ್ಕೂ ಸಂಬಂಧವಿಲ್ಲ. ಮಿತಿ ಮೀರಿದರೆ ಕಡಿಯುತ್ತದೆ, ಕೈಯಿಂದ ಒತ್ತುವ ತನಕ ಮತ್ತೆ ಆನ್ ಆಗುವುದಿಲ್ಲ. ಇದಿಲ್ಲದ ಹೀಟರನ್ನು ಜನ ಮಲಗಿರುವ ಕೋಣೆಯಲ್ಲಿ ದಯವಿಟ್ಟು ಹಚ್ಚಬೇಡಿ.

ಸೈಕಲ್ ಸಮಯವನ್ನು, ಅಂದರೆ ಒಂದು ಸಲ ಆನ್ ಆದ ಮೇಲೆ ಮತ್ತೆ ಆನ್ ಆಗುವ ತನಕದ ಹೊತ್ತನ್ನು, ತೀರಾ ಚಿಕ್ಕದು ಮಾಡಿದರೆ ದೀಪಗಳು ಮಿಣುಕುತ್ತವೆ. ಕೋಣೆ ನಿಧಾನವಾಗಿ ಕಾಯುವಂಥದ್ದು, ನಿಮಿಷಕ್ಕೊಂದು ಸೈಕಲ್ ಧಾರಾಳ ಸಾಕು.

ಯಾವ ರಿಲೇಯೇ ಆಗಲಿ, ಚಳಿ ಶುರುವಾಗುವ ಮುಂಚೆ ಮೇನ್ ತೆಗೆದು ಟರ್ಮಿನಲ್ ನೋಡಿ. ತಂತಿಯ ತುದಿಯಲ್ಲಿರುವ, ಟರ್ಮಿನಲ್‌ಗೆ ಸಿಕ್ಕಿಸುವ ಲೋಹದ ಲಗ್ಗಿನ ಪಕ್ಕ ತಂತಿಯ ಹೊದಿಕೆ ಕಂದಾಗಿದ್ದರೆ ಹಿಡಿತ ಸಡಿಲವಾಗಿದೆ ಅಂತ ಅರ್ಥ. ಅದನ್ನು ಬಿಗಿ ಮಾಡಿ ಬಿಡಬೇಡಿ, ಕತ್ತರಿಸಿ ಹೊಸ ಲಗ್ ಹಾಕಿ.