ರವಿವರ್ಮನ ಲಕ್ಷ್ಮಿಗೆ ಯಾವ ಕಟ್ಟು?

ಅಜ್ಜಿಯ ಮನೆಯ ಪಾಲಾದಾಗ ನನಗೆ ಬಂದದ್ದು ಮೂರು ಪಟಗಳು: ಲಕ್ಷ್ಮಿ, ಸರಸ್ವತಿ, ಹಂಸದ ಜೊತೆ ದಮಯಂತಿ. ಮೂರೂ ರವಿವರ್ಮನ ಎಣ್ಣೆಚಿತ್ರದಂತೆ ಕಾಣುವ ಅಚ್ಚಿನ ಪಟಗಳು, ಅಂದರೆ ಓಲಿಯೋಗ್ರಾಫ್‌ಗಳು. 1894ರಲ್ಲಿ ಮುಂಬೈಯಲ್ಲಿ ಆರಂಭವಾದ ಅವನ ಮುದ್ರಣಾಲಯ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿನಿಂದ ಅಚ್ಚು ತೆಗೆದು, ಮೇಲೆ ವಾರ್ನಿಷ್ ಬಳಿದು ಇಂಥ ಪಟಗಳನ್ನು ಮನೆಮನೆಗೆ ಮುಟ್ಟಿಸಿತು. ತೀರ್ಥಹಳ್ಳಿಯ ಮಳೆಗಾಲಗಳನ್ನು ದಾಟಿ ಉಳಿದ ಇವನ್ನು ನನ್ನ ಕೈಯಲ್ಲಿ ಹಾಳಾಗಲು ಬಿಡಬಾರದೆಂದು ಐದು ವರ್ಷದ ಹಿಂದೆ ಮೂರಕ್ಕೂ ಹೊಸ ವ್ಯವಸ್ಥೆ ಮಾಡಿಸಿದೆ. ಒಂದೊಂದಕ್ಕೆ ಒಂದೊಂದು ಬಗೆ.

ದಮಯಂತಿಯ ಅಂಚು ಹರಿದಿತ್ತು. ಲ್ಯಾಮಿನೇಷನ್ ಮಾಡಿಸಿದರೆ ನೂರು ವರ್ಷ ಚಿಂತೆಯಿಲ್ಲ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ. ಎರಡನೆಯ ಮಳೆಗಾಲಕ್ಕೇ ಮೂಲೆಗಳಲ್ಲಿ ಗುಳ್ಳೆ ಎದ್ದಿತು. ಬಿಸಿಯಲ್ಲಿ ಒತ್ತಿದ ಆ ಪದರವನ್ನು ಇನ್ನು ಕೀಳಲಾಗದು. ಹಳೆಯ ಮುದ್ರಣಕ್ಕೆ ಈ ದಾರಿ ಬೇಡವೇ ಬೇಡ.

ಸರಸ್ವತಿಗೆ ಮಾಮೂಲಿ ಕಟ್ಟು: ಪಟದ ಮೇಲೆ ನೇರವಾಗಿ ಗಾಜು, ಹಿಂದೆ ಹಾರ್ಡ್‌ಬೋರ್ಡ್, ಸುತ್ತ ಮೈದಾ ಅಂಟಿನ ಕಾಗದ. ಅಗ್ಗ, ಒಂದೇ ದಿನದ ಕೆಲಸ, ನೋಡಲೂ ಚೆಂದ. ಕಳೆದ ವರ್ಷ ಬಿಚ್ಚಿದಾಗ ಅಂಟಿನ ಕಾಗದವನ್ನು ಹುಳು ಜಾಲರಿಯಂತೆ ತಿಂದಿತ್ತು. ಅದಕ್ಕಿಂತ ಸಂಕಟವಾದದ್ದು ಗಾಜು ಎತ್ತಲು ಹೋದಾಗ. ತೇವಕ್ಕೆ ಮೆತ್ತಗಾದ ವಾರ್ನಿಷ್ ವೀಣೆಯ ದಂಡಿಯ ಉದ್ದಕ್ಕೂ ಗಾಜಿಗೆ ಕಚ್ಚಿಕೊಂಡಿತ್ತು. ಎಳೆದರೆ ಬಣ್ಣವೂ ಎದ್ದು ಬರುತ್ತಿತ್ತು. ಕೈ ತೆಗೆದೆ. ಗಾಜಿನ ಸಮೇತ ಹಾಗೇ ಮಲಗಿಸಿ ಇಟ್ಟಿದ್ದೇನೆ. ಬಿಡಿಸುವುದು ಸಂರಕ್ಷಣೆ ಬಲ್ಲವರ ಕೆಲಸ.

ಲಕ್ಷ್ಮಿಯ ಸೀರೆಗೆ ಹಿಂದಿನವರು ಯಾರೋ ಜರಿ, ಚಮಕಿ ಅಂಟಿಸಿದ್ದಾರೆ. ಗಾಜು ಒತ್ತಿದರೆ ಅವು ಉದುರುತ್ತವೆಂಬ ಒಂದೇ ಕಾರಣಕ್ಕೆ ಇದಕ್ಕೆ ಹೆಚ್ಚು ಖರ್ಚು ಮಾಡಿದೆ. ಆಮ್ಲರಹಿತ ದಪ್ಪ ಮೌಂಟ್ ಬೋರ್ಡನ್ನು (ಪಟದ ಸುತ್ತ ಕೂರಿಸುವ ರಟ್ಟು) ಎರಡು ಪದರ ಕೊಟ್ಟು ಪಟಕ್ಕೂ ಮುಂದಿನ ಹಾಳೆಗೂ ನಡುವೆ ಜಾಗ ಬಿಡಿಸಿದೆ. ಪಟವನ್ನು ಮೇಲಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಎರಡು ಪಟ್ಟಿ ಮತ್ತು ಗೋಧಿ ಗಂಜಿಯ ಅಂಟಿನಿಂದ ತೂಗುಹಾಕಿದೆ. ಹವೆಗೆ ತಕ್ಕಂತೆ ಕಾಗದ ಹಿಗ್ಗಿ ಕುಗ್ಗಲು ಹೀಗೆ ಬಿಡಬೇಕು. ಸುತ್ತ ಟೇಪ್ ಬಿಗಿದರೆ ಅಲೆ ಏಳುತ್ತದೆ. ಮುಂದೆ ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್. ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬಿರಡೆಯ ಚೂರು, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲು.

ಸರಸ್ವತಿಯ ಕಟ್ಟಿಗಿಂತ ನಾಲ್ಕು ಪಟ್ಟು ಹಣವಾಯಿತು. ಅಕ್ರಿಲಿಕ್ ಧೂಳು ಎಳೆಯುತ್ತದೆ, ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಆದರೂ ಐದು ಮಳೆಗಾಲದ ನಂತರ ಒಂದು ಚಮಕಿಯೂ ಕಳಚಿಲ್ಲ, ಬೂಷ್ಟಿನ ಚುಕ್ಕೆಯಿಲ್ಲ.

ಹಣ ಕಡಿಮೆಯಿದ್ದರೆ ಅಕ್ರಿಲಿಕ್ ಬಿಟ್ಟು ಸಾದಾ ಗಾಜು ಹಾಕಿಸಿ, ಮೌಂಟ್ ಬೋರ್ಡ್ ಮಾತ್ರ ಬಿಡಬೇಡಿ. ಬಿಸಿಲನ್ನು ಜಾಗ ಬದಲಿಸಿಯೂ ತಪ್ಪಿಸಬಹುದು. ಕಾಗದದ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ಕಿಟಕಿಯ ಎದುರಿನ ಗೋಡೆಗೆ ಬೀಳುವುದು ಅದರ ಎಷ್ಟೋ ಪಟ್ಟು. ನಮ್ಮ ಲಕ್ಷ್ಮಿ ಈಗ ನಡುಮನೆಯ ಒಳಗೋಡೆಯಲ್ಲಿದ್ದಾಳೆ. ಮಳೆ ಬಡಿಯುವ ಹೊರಗೋಡೆಗೆ ಯಾವ ಪಟವನ್ನೂ ತೂಗುಹಾಕುವುದಿಲ್ಲ.