ಬಹಾದ್ದೂರ್ ಪುಟ ಮನೆಗೆ ಬಂತು, ಮೂಲೆ ಮಡಚಿಕೊಂಡು

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಡಿಸುತ್ತಿದ್ದ ಕನ್ನಡ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವನು ನಾನು. ಫ್ಯಾಂಟಮ್‌ಗಿಂತ ನನಗೆ ಬಹಾದ್ದೂರ್ ಇಷ್ಟ. ಆಬಿದ್ ಸುರ್ತಿ 1976ರಲ್ಲಿ ಶುರು ಮಾಡಿದ, ಚಂಬಲ್ ಡಕಾಯಿತರನ್ನು ಎದುರಿಸುವ ನಮ್ಮ ದೇಶದ ಹೀರೋ ಅಲ್ವಾ!

ಆ ಕಾಮಿಕ್ಸ್‌ಗಾಗಿ ಕೈಯಲ್ಲೇ ಬಿಡಿಸಿದ ಮೂಲ ಚಿತ್ರಪುಟವೊಂದನ್ನು ಆನ್‌ಲೈನ್ ಮಾರಾಟಗಾರರೊಬ್ಬರಿಂದ ಕೊಂಡೆ. ಹದಿನೆಂಟು ಸಾವಿರ. ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಅಚ್ಚಿನಲ್ಲಿ ಬಹಾದ್ದೂರ್‌ಗೆ ಕೇಸರಿ ಕುರ್ತಾ, ನೀಲಿ ಜೀನ್ಸ್. ಇಲ್ಲಿ ಬರೀ ಕಪ್ಪು ಶಾಯಿ. ಕುದುರೆಯ ಕಾಲನ್ನು ಚಿತ್ರಕಾರ ಗೋವಿಂದ್ ಬ್ರಹ್ಮಾನಿಯಾ ಒಮ್ಮೆ ತಪ್ಪಾಗಿ ಬರೆದು, ಬಿಳಿ ಬಣ್ಣ ಬಳಿದು ತಿದ್ದಿದ್ದಾರೆ. ಆ ಬಿಳಿ ಉಬ್ಬನ್ನು ಬೆರಳಿನಿಂದ ಮುಟ್ಟಬಹುದು. ಹಳೇ ಸಂಚಿಕೆ ಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸಿದೆ, ಸರಿಹೊಂದಿತು. ಖರೀದಿಗೆ ಮುಂಚೆ ನೀವೂ ಹೀಗೇ ಮಾಡಿ, ಫೋಟೋ ಕೇಳಿ.

ಪ್ಯಾಕಿಂಗ್ ಮಾತ್ರ ಕೆಟ್ಟದ್ದು. ಸುಮ್ನೆ ಒಂದು ರಟ್ಟು, ಮೇಲೆ ಸೆಲ್ಲೋಟೇಪ್. ಒಂದು ಮೂಲೆ ಮಡಚಿತ್ತು. ಫೋನ್ ಮಾಡಿದರೆ, "ಹಳೇ ಕಾಗದ ಸಾರ್, ಹಾಗೇ ಇರುತ್ತೆ" ಅಂದರು. ಪುಟಕ್ಕೆ ಐದು ಸ್ಟಾರ್, ಅವರಿಗೆ ಎರಡು.